ಅಕ್‌ಜಾರಿನ ಮುಸುಕು

ಅಕ್‌ಜಾರ್, ಮೇ 4

ಪ್ರೀತಿಯ ಯೆರ್ಸಾಯಿನ್ ಅಣ್ಣನಿಗೆ,

ಇಲ್ಲಿ ಫೋನು ಹಿಡಿಯುವುದಿಲ್ಲ. ನೀರಿನ ಟ್ಯಾಂಕರ್ ತರುವ ಮೆಂದಿಬಾಯ್ ಮಾಮನ ಕೈಯಲ್ಲಿ ಕಾಗದ ಕಳಿಸುತ್ತಿದ್ದೇನೆ. ಓದಿ ಮಡಚಿಟ್ಟುಕೋ. ತೈಲ ಕಂಪನಿಯ ಗೇಟಿನ ಮುಂದೆ ಕೆಲಸಕ್ಕೆ ಕಾದು ಕೂತಿರುವ ನಿನ್ನ ಗೆಳೆಯರಿಗೆಲ್ಲ ಓದಿ ಹೇಳಬೇಡ.

ಪ್ರವಾಸಿಗರಿಗೆಂದು ತಂದ ಮೂರು ಉಣ್ಣೆ ಗುಡಾರಗಳೂ ನಿಂತಿವೆ. ಅಪ್ಪ ತೈಲಬಾವಿಗೆ ಕೊಳವೆ ಇಳಿಸುತ್ತಿದ್ದಷ್ಟೇ ನಿಗಾದಿಂದ ಒಂದೊಂದು ಕಂಬವನ್ನೂ ನೋಡಿ ಕಟ್ಟಿಸಿದರು. ಅಡುಗೆ ಅಮ್ಮನದು. ಬಂದವರೊಡನೆ ಮಾತಾಡುವ ಕೆಲಸ ನನ್ನದು. ಸಾಹಿತ್ಯ ಓದಿದವಳು, ಎರಡು ಭಾಷೆ ಹೆಚ್ಚಿಗೆ ಬರುತ್ತದೆ ಎಂದು ಅಪ್ಪ ಎಲ್ಲರಿಗೂ ಹೇಳುತ್ತಾರೆ. ನನಗೆ ಯಾವ ಭಾಷೆಯಲ್ಲೂ ಅಪರಿಚಿತರೊಡನೆ ಮಾತಾಡಲು ಬರುವುದಿಲ್ಲ ಎನ್ನುವುದು ಯಾರಿಗೂ ಹೊಳೆದಿಲ್ಲ.

ನಮ್ಮ ಮೊದಲ ಅತಿಥಿಗಳು ಸೈಕಲ್ಲಿನಲ್ಲಿ ಬಂದ ಇಬ್ಬರು ಪೋಲೆಂಡಿನ ಹುಡುಗರು. ದೂರದಿಂದ ಬಂದವರು ಎಂದು ಅಪ್ಪ ಕುರಿ ಕಡಿದರು. ಬೇಯಿಸಿದ ತಲೆಯನ್ನು ಗಡ್ಡ ಇದ್ದವನ ಮುಂದಿಟ್ಟರು. ಆ ತಲೆ ಈಗ ತನ್ನನ್ನು ಏನೋ ಪ್ರಶ್ನೆ ಕೇಳುತ್ತದೆ ಎಂಬಂತೆ ಅವನು ನೋಡುತ್ತಾ ಕೂತ. ಮೂರು ದಿನ ಇದ್ದರು. ಹೊರಡುವಾಗ ಗಡ್ಡದವನು ಪರ್ಸು ತೆಗೆದು ಎಷ್ಟಾಯಿತು ಎಂದು ಕೇಳಿದ. ಆ ಪ್ರಶ್ನೆಗೆ ಉತ್ತರವನ್ನು ನಾನು ಒಂದು ವಾರದಿಂದ ಬಾಯಿಪಾಠ ಮಾಡಿದ್ದೆ. ಅಷ್ಟರಲ್ಲಿ ಅಪ್ಪ ನನ್ನ ಕಡೆ ತಿರುಗಿ, "ಏನಂತೆ?" ಅಂದರು.

"ದಾರಿ ಕೇಳ್ತಿದಾರೆ ಅಪ್ಪ" ಅಂದೆ.

ಅಪ್ಪ ಕುಕ್ಕರಗಾಲಲ್ಲಿ ಕೂತು ದೂಳಿನ ಮೇಲೆ ದಾರಿ ಬರೆದು ತೋರಿಸಿದರು. ಒಂದು ಚೀಲ ಕರಿದ ರೊಟ್ಟಿ ಕೊಟ್ಟರು. ತಮ್ಮ ಕಂಬಳಿ ಕೋಟನ್ನೂ ಹೊದಿಸಿ ಕಳಿಸಿದರು. ಸೈಕಲ್ಲುಗಳು ಮರೆಯಾದ ಮೇಲೆ, "ಒಳ್ಳೆ ಮಕ್ಕಳು. ಪಾಪ, ಪರ್ಸಲ್ಲಿ ನಕಾಶೆ ಇಟ್ಕೊಂಡಿದ್ರೂ ದಾರಿ ಗೊತ್ತಾಗಿಲ್ಲ" ಅಂದರು.

ನಾನು ಗುಡಾರದ ಹಿಂದಿನ ಏರಿ ಹತ್ತಿ ಹೋಗಿ ಕೂತೆ. ಅಣ್ಣ, ನೀನು ಇದನ್ನು ಇನ್ನೂ ನೋಡಿಲ್ಲ. ಏರಿಯ ತುದಿಗೆ ಬರುವ ತನಕ ಬರೀ ಬೋಳು ಬಯಲು, ಒಂದು ಒಂಟೆ, ಗಾಳಿ. ಮುಂದಿನ ಹೆಜ್ಜೆ ಇಡುವ ಹೊತ್ತಿಗೆ ನೆಲ ಮುಗಿದುಹೋಗುತ್ತದೆ. ಕೆಳಗೆ ಬಿಳಿ ಬೆಟ್ಟಗಳು. ಅವುಗಳ ನಡುವೆ ಗುಲಾಬಿ ಗೆರೆಗಳು. ಇನ್ನೂ ಕೆಳಗೆ ಉಪ್ಪಿನ ಬಯಲು. ಒಂದು ಕಾಲದ ಸಮುದ್ರದ ತಳವಂತೆ ಅದು. ಅದನ್ನು ನೋಡುವಾಗ ಉಸಿರು ಬಿಡುವುದಕ್ಕೂ ಅಪ್ಪಣೆ ಕೇಳಬೇಕು ಅನ್ನಿಸುತ್ತದೆ. ನಾಲ್ಕು ವರ್ಷ ಬೇರೆಯವರು ಬರೆದ ವರ್ಣನೆಗಳನ್ನೇ ಓದಿದೆ. ನನಗೆ ಒಂದು ಸಾಲೂ ಬರಲಿಲ್ಲ.

ನಿನ್ನ ತಂಗಿ,
ಮರ್ಜಾನ್


ಪಟ್ಟಣ, ಮೇ 22

ಮರ್ಜಾನ್,

ನಿನ್ನ ಕಾಗದವನ್ನು ಗೆಳೆಯರಿಗೆ ಓದಿ ಹೇಳಿದೆ. ಕೋಪ ಮಾಡಿಕೊಳ್ಳಬೇಡ. ಇಲ್ಲಿ ಹೊತ್ತು ಕಳೆಯುವುದಕ್ಕೆ ಬೇರೆ ಏನಿದೆ? ‘ದಾರಿ ಕೇಳ್ತಿದಾರೆ’ ಎನ್ನುವುದು ಈಗ ನಮ್ಮ ಮಾತಾಗಿಬಿಟ್ಟಿದೆ. ಟೀ ಅಂಗಡಿಯವನು ಬಾಕಿ ಕೇಳಲು ಬಂದರೆ ಎಲ್ಲರೂ ಒಟ್ಟಿಗೆ, "ದಾರಿ ಕೇಳ್ತಿದಾನೆ, ತೋರ್ಸ್ರೋ" ಅನ್ನುತ್ತೇವೆ.

ಮೊನ್ನೆ ಒಬ್ಬ ಅಧಿಕಾರಿ ಹೊರಗೆ ಬಂದ. ತೈಲದ ಬೆಲೆ ಬಿದ್ದಿದೆ, ಬಾವಿಗಳು ಮುದಿಯಾಗಿವೆ, ಒಂದು ದಿನ ಎಲ್ಲ ಮುಗಿಯುತ್ತದೆ, ಈಗಲೇ ಬೇರೆ ಏನಾದರೂ ಕಲಿಯಿರಿ, ಬೇಕರಿ ಇಡಿ, ಹಸಿರುಮನೆ ಕಟ್ಟಿ ಟೊಮೆಟೊ ಬೆಳೆಯಿರಿ ಎಂದ. ನಮ್ಮ ಕೆನ್‌ಜೆಬೆಕ್ ಎದ್ದು ನಿಂತು ಕೇಳಿದ: "ಮುಗಿಯೋ ಮುಂಚೆ ನಮ್ಗೂ ಒಂದು ತಿಂಗ್ಳು ಸಂಬಳ ಕೊಟ್ಟು ನೋಡಿ ಸ್ವಾಮಿ. ಟೊಮೆಟೊ ಎಲ್ಲೂ ಓಡಿಹೋಗಲ್ಲ." ಅಧಿಕಾರಿಯೂ ನಕ್ಕುಬಿಟ್ಟ. ನಕ್ಕು ಒಳಗೆ ಹೋದ. ನಾವು ಹೊರಗೇ ಉಳಿದೆವು.

ಈಗ ನಗದೆ ಕೇಳು. ಗುಡಾರಗಳು, ಜೀಪು ಎಲ್ಲ ಅಪ್ಪನ ಸ್ವಂತದ್ದಲ್ಲ ಎನ್ನುವುದು ನಿನಗೆ ಗೊತ್ತಿದೆ. ಅವನ್ನು ಕೊಟ್ಟ ಜಿಲ್ಲಾ ಕಚೇರಿಯವರು ಅಕ್ಟೋಬರಿನಲ್ಲಿ ಬಂದು ನೋಡುತ್ತಾರೆ. ಜಾಗ ತನ್ನ ಕಾಲ ಮೇಲೆ ನಿಂತಿಲ್ಲ ಅನ್ನಿಸಿದರೆ ಎಲ್ಲ ವಾಪಸ್ ಒಯ್ಯುತ್ತಾರೆ. ನಿನಗೆ ಗೊತ್ತಿಲ್ಲದ್ದು ಇನ್ನೊಂದಿದೆ. ಹೊರಡುವ ಮುಂಚೆ ಅಪ್ಪ ಯಾರಿಗೂ ಹೇಳದೆ ಇಲ್ಲಿಗೆ ಬಂದು ಕಾವಲಿನ ಕೆಲಸ ಕೇಳಿದ್ದಾರೆ. ಚಳಿಗಾಲಕ್ಕೆ ನೋಡೋಣ ಎಂದಿದ್ದಾರಂತೆ. ಮೂವತ್ತು ವರ್ಷ ಕೊರೆಯುವ ತಂಡದ ಮೇಸ್ತ್ರಿಯಾಗಿದ್ದವರು ಅದೇ ಗೇಟನ್ನು ಎತ್ತಿ ಇಳಿಸುತ್ತಾ ನಿಲ್ಲುತ್ತಾರೆ. ನಾನು ಗೇಟಿನ ಈಚೆ ಕೂತು ನೋಡಬೇಕು.

ಅದು ಆಗಬಾರದು. ನೀನು ಬಾಯಿ ತೆರೆಯಬೇಕು ಕಣೇ. ಅಷ್ಟೇ.

ಯೆರ್ಸಾಯಿನ್


ಅಕ್‌ಜಾರ್, ಜೂನ್ 19

ಪ್ರೀತಿಯ ಅಣ್ಣನಿಗೆ,

ಬಾಯಿ ತೆರೆಯಲು ಆಗಲಿಲ್ಲ. ಆದ್ದರಿಂದ ಒಂದು ಹಲಗೆ ಬರೆದೆ. ಊಟಕ್ಕೆ ಇಷ್ಟು, ಹಾಸಿಗೆಗೆ ಇಷ್ಟು ಎಂದು ನೀಲಿ ಬಣ್ಣದಲ್ಲಿ, ಮೂರು ಭಾಷೆಗಳಲ್ಲಿ. ಬಾಗಿಲಿನ ಪಕ್ಕ ನೆಟ್ಟೆ. ಅಪ್ಪ ಪೂರ್ತಿ ಓದಿ, "ಅಕ್ಷರ ಚೆನ್ನಾಗಿದೆ" ಅಂದರು.

ಮಧ್ಯಾಹ್ನ ಅತಿರಾವಿನಿಂದ ಒಂದು ಸಂಸಾರ ಬಂತು. ಹೊರಗೆ ಹೋಗಿ ನೋಡಿದರೆ ಹಲಗೆ ಇಲ್ಲ. ಅಡುಗೆಯ ಕಡೆ ಹೋದೆ. ಅಮ್ಮ ಅದರ ಮೇಲೆ ಹಿಟ್ಟು ಲಟ್ಟಿಸುತ್ತಿದ್ದಳು.

"ಬಣ್ಣ ಇರೋ ಮಗ್ಗುಲು ಕೆಳಗಿದೆ ಕಣೇ, ಹೆದರ್ಬೇಡ" ಅಂದಳು. "ನಿಮ್ಮಪ್ಪ ತಂದುಕೊಟ್ರು. ಲಟ್ಟಿಸೋಕೆ ಅಗಲವಾಗಿದೆ ಅಂತ."

ಆ ಸಂಸಾರ ಹೋದ ಮೇಲೆ ಧೈರ್ಯ ಮಾಡಿ ಅಪ್ಪನ ಮುಂದೆ ಕೂತೆ. ಅಕ್ಟೋಬರ್ ಎಂದೆ. ಅಷ್ಟು ಹೇಳುವಷ್ಟರಲ್ಲಿ ಅವರು ನನ್ನ ಬಟ್ಟಲಿಗೆ ಅರ್ಧ ಚಹಾ ಬಗ್ಗಿಸಿದರು. ಇನ್ನೂ ಕೂತಿರು ಎಂದು ಅದರ ಅರ್ಥವಲ್ಲವೇ, ಕೂತೆ.

"ನಂಗೊತ್ತು ಮಗಳೇ. ನಾನೇನು ಲೆಕ್ಕ ಬರದೋನಲ್ಲ. ಆದ್ರೆ ಅವ್ರು ಬಾಗಿಲಲ್ಲಿ ಬಗ್ಗಿ ಒಳಗೆ ಬರ್ತಾರಲ್ಲ, ಆ ಕ್ಷಣ ನನ್ನ ಕೈ ತಾನಾಗೇ ಎದೆ ಮೇಲೆ ಹೋಗತ್ತೆ. ಎದೆ ಮೇಲೆ ಇಟ್ಟ ಕೈನ ಆಮೇಲೆ ಹೇಗೆ ಚಾಚ್ಲಿ?"

ನಿಜ ಹೇಳಬೇಕೆಂದರೆ ನನಗೆ ಅವರನ್ನು ಒಪ್ಪಿಸುವ ಆಸೆಯೇ ಆ ಹೊತ್ತಿನಲ್ಲಿ ಇರಲಿಲ್ಲ. ನಮ್ಮಪ್ಪನಂಥವರು ಇನ್ನೂ ಇದ್ದಾರಲ್ಲ ಎಂದು ಬೆರಗಾಗಿ ಕೂತಿದ್ದೆ. ಹೊರಗೆ ಬಂದ ಮೇಲೆ ಆ ಗೇಟು ನೆನಪಾಯಿತು.

ಕಾವಲಿನ ಕೆಲಸದ ವಿಷಯ ನನಗೆ ಗೊತ್ತು ಎಂದು ಅವರಿಗೆ ಹೇಳಿಲ್ಲ.

ಮರ್ಜಾನ್


ಪಟ್ಟಣ, ಜುಲೈ 27

ಮರ್ಜಾನ್,

ಬರೆಯುವುದು ತಡವಾಯಿತು. ಬರೆಯುವಂಥದ್ದು ಏನೂ ಇರಲಿಲ್ಲ. ನಿನ್ನೆ ದೊಡ್ಡಪ್ಪನ ಮಗನ ಮದುವೆ. ನೀವು ಯಾರೂ ಯಾಕೆ ಬರಲಿಲ್ಲ ಎಂದು ಎಲ್ಲರೂ ಕೇಳಿದರು. ಅಕ್‌ಜಾರಿನಲ್ಲಿ ಊರಿಗೆಲ್ಲ ಪುಕ್ಕಟೆ ಊಟ ಹಾಕುವ ಕೆಲಸ ಸಿಕ್ಕಿದೆ, ರಜೆ ಇಲ್ಲ ಎಂದೆ.

ಹೊಸ ಸೊಸೆಯ ಮುಸುಕು ತೆಗೆಯುವಾಗ ಹಾಡಿದವನು ಮಹಾ ಕಿಲಾಡಿ. ಸೊಸೆ ಯಾರಿಗೆ ಬಗ್ಗಿ ಸಲಾಂ ಮಾಡಬೇಕೋ ಅವರ ಹೆಸರು ಹಿಡಿದು, ಅವರ ಜೇಬಿನ ಗುಟ್ಟನ್ನೂ ಹಾಡಿನಲ್ಲೇ ಹೇಳಿ, ಒಬ್ಬೊಬ್ಬರಿಂದಲೂ ಮುಖ ನೋಡುವ ಕಾಣಿಕೆ ಕಕ್ಕಿಸಿದ. ನನ್ನ ಸರದಿ ಬಂದಾಗ, "ಗೇಟು ಕಾಯುವ ಭಾವ, ಗೇಟು ತೆರೆಯದಿದ್ದರೂ ಜೇಬು ತೆರೆ" ಎಂದು ಹಾಡಿದ. ಮಂಟಪವೆಲ್ಲ ನಕ್ಕಿತು. ಜೇಬಿನಲ್ಲಿದ್ದುದನ್ನೆಲ್ಲ ಹಾಕಿಬಿಟ್ಟೆ. ಮುಸುಕು ಎತ್ತಿದಾಗ ಆ ಹುಡುಗಿಯ ಮುಖ ನೋಡಿ, ಹಾಕಿದ್ದು ಕಡಿಮೆಯಾಯಿತು ಅನ್ನಿಸಿತು. ವಿಚಿತ್ರ ನೋಡು.

ನಾಚಿಕೆ ಇಲ್ಲದೆ ಕೇಳುವುದು ಹೇಗೆ ಎಂದು ಅಪ್ಪ ಆ ಹಾಡುಗಾರನ ಹತ್ತಿರ ಕಲಿಯಬೇಕು.

ಯೆರ್ಸಾಯಿನ್


ಅಕ್‌ಜಾರ್, ಆಗಸ್ಟ್ 24

ಪ್ರೀತಿಯ ಅಣ್ಣನಿಗೆ,

ನೀನು ತಮಾಷೆಗೆ ಬರೆದದ್ದನ್ನು ನಾನು ಮೂರು ವಾರ ತಲೆಯಲ್ಲಿಟ್ಟುಕೊಂಡು ತಿರುಗಿದೆ. ಕೊನೆಗೆ ಅಮ್ಮನಿಗೆ ಹೇಳಿದೆ. ಊಟಕ್ಕೆ ಕೇಳುವುದು ಬೇಡ. ಹಾಸಿಗೆಗೆ ಬೇಡ. ಆದರೆ ಹೊಸದೊಂದನ್ನು ಮೊದಲ ಸಲ ನೋಡುವವರು ಕಾಣಿಕೆ ಕೊಡಬೇಕಲ್ಲ. ಹೊಸ ಸೊಸೆಯಾಗಲಿ, ಆಗ ತಾನೇ ಹುಟ್ಟಿದ ಒಂಟೆಮರಿಯಾಗಲಿ. ಅದನ್ನು ಕೇಳುವುದಕ್ಕೆ ಯಾರೂ ನಾಚುವುದಿಲ್ಲ. ಕೊಡದೆ ನೋಡುವವನೇ ನಾಚಬೇಕು.

ಅಮ್ಮ ಪೆಟ್ಟಿಗೆ ತೆರೆದು ತನ್ನ ಮದುವೆಯ ಮುಸುಕನ್ನು ತೆಗೆದು ಕೊಟ್ಟಳು. ಅದು ಚಿಕ್ಕದಾಯಿತು. ಅದಕ್ಕೆ ಎರಡು ಬಿಳಿ ಹಾಸುಬಟ್ಟೆ ಸೇರಿಸಿ ಹೊಲಿದೆವು.

ಹೋದ ಗುರುವಾರ ಶಿಮ್ಕೆಂತಿನಿಂದ ಒಂದು ಚಿಕ್ಕ ಬಸ್ಸು ಬಂತು. ಶಾಲೆಯಿಂದ ನಿವೃತ್ತರಾದ ಮೇಡಂ ಒಬ್ಬರು, ಅಜ್ಜಿಯ ವಯಸ್ಸು. ಅವರ ಮಕ್ಕಳು, ಸೊಸೆ. ಜೊತೆಗೆ ಸ್ಪೇನಿನ ಗಂಡ ಹೆಂಡತಿ. ಅಪ್ಪ ತಪ್ಪಿಸಿಕೊಂಡ ಒಂಟೆಯನ್ನು ಹುಡುಕಲು ಹೋಗಿದ್ದರು. ಇದೇ ಸಮಯ ಎಂದಳು ಅಮ್ಮ. ಏರಿಯ ತುದಿಯಲ್ಲಿ ಮೆಂದಿಬಾಯ್ ಮಾಮ ಬಟ್ಟೆಯ ಒಂದು ತುದಿ ಹಿಡಿದು ನಿಂತ, ಅಮ್ಮ ಇನ್ನೊಂದು. ಅತಿಥಿಗಳು ಹತ್ತಿ ಬಂದು ಬಟ್ಟೆಯ ಮುಂದೆ ನಿಂತರು. ಎಲ್ಲರೂ ನನ್ನನ್ನು ನೋಡಿದರು. ಕಣ್ಣು ಮುಚ್ಚಿಕೊಂಡೆ.

"ಹಾಡೇ. ನನ್ ಕೈ ಸೋತ್ಹೋಗ್ತಿದೆ" ಅಂದ ಮಾಮ.

ಹಾಡಿದೆ.

ಮುಸುಕಿನಲ್ಲಿ ನಿಂತಿದ್ದಾಳೆ, ಮೆಲ್ಲಗೆ ಬನ್ನಿ,
ಕಡಲು ಹೆತ್ತು ಬಿಟ್ಟುಹೋದ ಬಿಳಿಯ ಮಗಳು.
ಗಾಳಿ ಇವಳ ತಲೆ ಬಾಚಿತು, ಉಪ್ಪು ಮೈ ತೊಳೆಯಿತು,
ದೂರದವರೇ, ಬರಿಗೈಲಿ ನೋಡಬೇಡಿ.

ಆಮೇಲೆ ಸಲಾಂ ಹೇಳಿಸಬೇಕಲ್ಲ. ಸೊಸೆಗೆ ನೆಂಟರಿದ್ದಾರೆ, ಕಣಿವೆಗೆ ಯಾರಿದ್ದಾರೆ? ಬಾಯಿಗೆ ಬಂದದ್ದನ್ನು ಹಾಡಿದೆ. ಮಾವ ಗಾಳಿಗೆ ಒಂದು ಸಲಾಂ. ಅತ್ತೆ ಬರಗಾಲಕ್ಕೆ ಒಂದು ಸಲಾಂ. ಅಲೆಯುವ ಮೈದುನ ಒಂಟೆಗೆ ಒಂದು ಸಲಾಂ. ನೀರು ಹೊರುವ ಮೆಂದಿಬಾಯಿಗೆ, ಅವನ ಕೆಮ್ಮುವ ಟ್ಯಾಂಕರಿಗೆ ಒಂದು ಸಲಾಂ. ಮಾಮ ನಕ್ಕು ಬಟ್ಟೆ ಬಿಟ್ಟೇಬಿಡುತ್ತಿದ್ದ. ಎಲ್ಲರೂ ನಕ್ಕರು. ಆ ನಗುವಿನ ನಡುವೆ ಕೋಲಿನಿಂದ ಮುಸುಕು ಎತ್ತಿದೆ.

ನಗು ನಿಂತಿತು.

ಅಲ್ಲಿಂದ ಮುಂದೆ ಎಷ್ಟು ಹೊತ್ತು ಎಂದು ಹೇಳಲಾರೆ. ಬೆಟ್ಟಗಳ ಮೇಲೆ ಮೋಡದ ನೆರಳು ನಿಧಾನವಾಗಿ ನಡೆಯುತ್ತಿತ್ತು. ಬಿಳಿ ಬೂದಿಯಾಯಿತು, ಮತ್ತೆ ಬಿಳಿಯಾಯಿತು. ಸ್ಪೇನಿನವನು ಟೋಪಿ ತೆಗೆದ. ಅಜ್ಜಿ ಎರಡೂ ಅಂಗೈ ತೆರೆದು ತುಟಿ ಅಲುಗಿಸಿ ಏನೋ ಹರಸಿದರು, ಅಂಗೈಯಿಂದ ಮುಖ ಸವರಿಕೊಂಡರು. ಅಮ್ಮ ಬಟ್ಟೆಯನ್ನು ಹಾಗೇ ಎತ್ತಿ ಹಿಡಿದು ನಿಂತಿದ್ದಳು, ಕೆಳಗಿಳಿಸುವುದನ್ನು ಮರೆತು. ನಾನು ಹಾಡಿದ್ದೇನೆ ಎನ್ನುವುದೇ ಮರೆತಿತ್ತು. ಆಮೇಲೆ ಬಟ್ಟಲು ಮುಂದಿಟ್ಟೆ. ಅಜ್ಜಿ ತುಂಬಿ ಹಾಕಿದರು. ಉಳಿದವರು ಅವರನ್ನು ನೋಡಿ ಹಾಕಿದರು.

ಅಷ್ಟರಲ್ಲಿ ಅಪ್ಪ ಒಂಟೆಯೊಡನೆ ಬಂದರು. ಬಟ್ಟಲು ನೋಡಿದರು. ಅಜ್ಜಿಯ ಮುಂದೆ ಏನೂ ಹೇಳಲಿಲ್ಲ. ಅವರೆಲ್ಲ ಕೆಳಗಿಳಿದ ಮೇಲೆ ನನ್ನನ್ನು ನಿಲ್ಲಿಸಿದರು.

"ಅನ್ನ ಮಾರ್ಬೇಡ ಅಂದ್ರೆ ನೆಲದ ಮುಖ ಮಾರಿದ್ಯಾ?"

ಅಮ್ಮ ಬಟ್ಟೆ ಮಡಚುತ್ತಾ ತಲೆ ಎತ್ತದೆ ಹೇಳಿದಳು: "ನನ್ ಮುಖಕ್ಕೂ ನಿಮ್ಮಣ್ಣಂದಿರು ಕಾಣಿಕೆ ಕೊಟ್ಟಿದ್ರು. ಒಬ್ರು ಕುದುರೆಮರೀನೇ ಕೊಟ್ರು. ನಾನೇನು ಮಾರಾಟ ಆಗಿದ್ನಾ?"

ಅಪ್ಪ ಒಂಟೆಯ ಹಗ್ಗ ಹಿಡಿದು ಹೊರಟುಹೋದರು. ನಾಲ್ಕು ದಿನದಿಂದ ನನ್ನೊಡನೆ ಮಾತಿಲ್ಲ. ತಪ್ಪು ಮಾಡಿದೆನೋ ಏನೋ ತಿಳಿಯುತ್ತಿಲ್ಲ.

ಮರ್ಜಾನ್


ಅಕ್‌ಜಾರ್, ಸೆಪ್ಟೆಂಬರ್ 15

ಮಗ ಯೆರ್ಸಾಯಿನನಿಗೆ,

ಇಲ್ಲಿ ಎಲ್ಲರೂ ಕ್ಷೇಮ. ಗಾಳಿ ವಾಯುವ್ಯದಿಂದ. ಜೀಪಿನ ಹಿಂದಿನ ಚಕ್ರ ಬದಲಾಯಿಸಿದೆ. ನನಗೆ ನಿನ್ನ ತಂಗಿಯ ಹಾಗೆ ಬರೆಯಲು ಬರುವುದಿಲ್ಲ, ಪಾಳಿಯ ವರದಿ ಬರೆದು ರೂಢಿ. ಹಾಗೇ ಓದಿಕೋ.

ನಿನ್ನ ತಂಗಿ ಒಂದು ಹಾಡು ಕಟ್ಟಿದ್ದಾಳೆ. ನಾನು ಬೈದೆ. ಆಮೇಲೆ ಒಂದು ದಿನ ಅತಿಥಿಗಳು ಬಂದಾಗ ಅವಳಿಗೆ ಕಾಣದ ಹಾಗೆ ನಾನೂ ಅವರ ಹಿಂದೆ ಹೋಗಿ ನಿಂತೆ. ಏಪ್ರಿಲ್‌ನಿಂದ ದಿನವೂ ನೋಡುತ್ತಿರುವ ಜಾಗ. ನನ್ನ ಅಜ್ಜ ಚಳಿಗಾಲ ಕಳೆಯುತ್ತಿದ್ದ ಜಾಗ. ಬಟ್ಟೆ ಮೇಲೆದ್ದಾಗ, ನಾನು ಇದನ್ನು ನೋಡಿಯೇ ಇರಲಿಲ್ಲ ಎಂದು ತಿಳಿಯಿತು.

ಹಿಂದೆ ನಮ್ಮ ಕೊರೆಯುವ ಯಂತ್ರ ಇಲ್ಲಿಂದ ಅರ್ಧ ದಿನದ ದಾರಿಯಲ್ಲಿ ಎರಡು ಚಳಿಗಾಲ ನಿಂತಿತ್ತು. ಕೆಳಗೆ ಏನಿದೆ, ಇನ್ನೂ ಕೆಳಗೆ ಏನಿದೆ ಎಂದೇ ಕೇಳುತ್ತಿದ್ದೆವು. ಒಬ್ಬನೂ ಈ ಕಡೆ ಬರಲಿಲ್ಲ.

ಜೇಬಿನಲ್ಲಿ ಏನೂ ಇರಲಿಲ್ಲ. ಟೋಪಿ ತೆಗೆದು ಬಟ್ಟಲಿನ ಮೇಲಿಟ್ಟೆ. ನಿನ್ನ ತಾಯಿ ಇನ್ನೂ ನಗುತ್ತಿದ್ದಾಳೆ.

ಜಿಲ್ಲಾ ಕಚೇರಿಯವರು ಮುಂದಿನ ತಿಂಗಳು ಬರುತ್ತಾರೆ. ಅವರು ಏನು ಹೇಳುತ್ತಾರೋ ಗೊತ್ತಿಲ್ಲ. ಒಪ್ಪದಿದ್ದರೆ ಚಳಿಗಾಲಕ್ಕೆ ನಾನು ಪಟ್ಟಣಕ್ಕೆ ಬರುವುದಾಗುತ್ತದೆ. ಅಲ್ಲಿ ಒಂದು ಕೆಲಸ ಕೇಳಿಟ್ಟಿದ್ದೇನೆ. ಏನು ಕೆಲಸ ಎಂದು ನೀನು ಕೇಳಬೇಡ.

ನಿನಗೆ ಬಿಡುವಿದ್ದರೆ ಬಂದು ಹೋಗು.

ನಿನ್ನ ತಂದೆ,
ಒತೆಗೆನ್


ಅಕ್‌ಜಾರ್, ಅಕ್ಟೋಬರ್ 18

ಪ್ರೀತಿಯ ಅಣ್ಣನಿಗೆ,

ಕಚೇರಿಯ ರಾಬಿಗಾ ಅವರ ಜೀಪಿನಿಂದ ನೀನು ಇಳಿದದ್ದು ನೋಡಿ ನಂಬಲಾಗಲಿಲ್ಲ. ದಿನಗೂಲಿಗೆ ಡ್ರೈವರಾಗಿ ಬಂದೆ ಅಂದೆಯಂತೆ, ಅಮ್ಮ ನಂಬಿಲ್ಲ. ಮುಸುಕು ಎತ್ತಿದ ಮೇಲೆ ಎಲ್ಲರೂ ಕೆಳಗಿಳಿದರೂ ನೀನು ಅಲ್ಲೇ ನಿಂತಿದ್ದೆ. ಊಟಕ್ಕೆ ಕರೆದರೂ ಬರಲಿಲ್ಲ. ಒಂದು ಮಾತೂ ಆಡದೆ ಗಾಡಿ ಹತ್ತಿ ಹೋದೆ. ಆದ್ದರಿಂದ ಗುಡಾರದೊಳಗೆ ನಡೆದದ್ದು ನಿನಗೆ ಗೊತ್ತಿಲ್ಲ.

ರಾಬಿಗಾ ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಏರಿಯ ಮೇಲೆ ಅವರ ಕಣ್ಣು ಒದ್ದೆಯಾದದ್ದನ್ನು ನಾನು ನೋಡಿದ್ದೆ. ಗುಡಾರದಲ್ಲಿ ಮಾತ್ರ ಕಚೇರಿಯವರಾಗಿಯೇ ಕೂತರು. ಊಟ ಆದ ಮೇಲೆ ಪೆನ್ನು ತೆಗೆದರು.

"ಊಟಕ್ಕೆ ಎಷ್ಟು ತಗೋತೀರಿ ಹಿರಿಯರೇ?"

"ಏನೂ ಇಲ್ಲ."

"ಹಾಸಿಗೆಗೆ?"

"ಇಲ್ಲ."

"ಬಟ್ಟಲಿಗೆ ಬೀಳೋದು ಕಾಣಿಕೆ. ಕಾಣಿಕೆನ ನಾನು ಆದಾಯ ಅಂತ ಬರ್ಯೋಕೆ ಆಗಲ್ಲ. ಇಷ್ಟ ಬಂದ್ರೆ ಹಾಕ್ತಾರೆ, ಇಲ್ದಿದ್ರೆ ಇಲ್ಲ. ನಂಗೆ ಒಂದು ದರ ಬೇಕು. ಬೇಜಾರು ಮಾಡ್ಕೋಬೇಡಿ, ಇಲ್ಲಿ ನೀವು ಮಾರೋದು ಏನು?"

ಅಮ್ಮ ಚಹಾದ ಬಟ್ಟಲು ಹಿಡಿದು ಹಾಗೇ ನಿಂತಳು. ನನಗೆ ಆ ಗೇಟು ಕಣ್ಣಿಗೆ ಬಂತು, ಅದರ ಪಕ್ಕ ಟೋಪಿ ಇಲ್ಲದೆ ನಿಂತ ಅಪ್ಪ. ನಾನೇ ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಅಪ್ಪ ಕೈಯೆತ್ತಿ ನಿಲ್ಲಿಸಿದರು.

"ಬರ್ಕೋ ಮಗಳೇ. ಊಟಕ್ಕಲ್ಲ, ಹಾಸಿಗೆಗಲ್ಲ. ನೋಡೋದಕ್ಕೆ." ಇಷ್ಟು ಹೇಳಿ ನೆಲ ನೋಡಿದರು. ಕಿವಿ ಕೆಂಪಾಗಿದ್ದವು. ಆಮೇಲೆ, ಬಾವಿಯ ಆಳ ಕೂಗಿ ಹೇಳುತ್ತಿದ್ದ ಅದೇ ಗಟ್ಟಿ ದನಿಯಲ್ಲಿ, "ತಲೆಗೆ ಮೂರು ಸಾವಿರ ತೆಂಗೆ. ಇಲ್ದೋರು ಇದ್ದಷ್ಟು. ಮಕ್ಕಳಿಗೆ ಬೇಡ" ಅಂದರು.

ನಮ್ಮಪ್ಪನ ಬಾಯಿಂದ ದರ ಬಂತು ಅಣ್ಣ. ಏರಿಯ ಮೇಲೆ ನಿಂತಾಗ ಆಗುತ್ತದಲ್ಲ, ನೆಲ ಮುಗಿದು ಮುಂದೆ ಏನೋ ದೊಡ್ಡದು ತೆರೆದುಕೊಂಡ ಹಾಗೆ, ಅಂಥದೇ ಆಯಿತು ನನಗೆ. ಆ ಒಂದು ಮಾತಿಗೆ ಅವರು ಎಷ್ಟು ದೂರ ನಡೆದು ಬಂದಿದ್ದಾರೆ ಎಂದು ನಮಗೆ ಮೂವರಿಗೆ ಮಾತ್ರ ಗೊತ್ತಿತ್ತು.

ರಾಬಿಗಾ ಬರೆದುಕೊಂಡರು. ಕೈಚೀಲ ತೆರೆದು ಮೂರು ಸಾವಿರ ಮೇಜಿನ ಮೇಲಿಟ್ಟರು. ಅಪ್ಪ ಅದನ್ನು ವಾಪಸ್ ಕೊಡಲಿಲ್ಲ. ಆದರೆ ಅವರು ಹೊರಟಾಗ ಜೀಪಿನ ಹಿಂದೆ ಒಂದು ಕುರಿತೊಡೆ ಇಟ್ಟದ್ದನ್ನು ನೀನು ನೋಡಿರಬೇಕು.

ತೀರ್ಮಾನ ಏನೆಂದು ಅವರು ಹೇಳಿಲ್ಲ. ನಿನಗೆ ತಿಳಿದರೆ ಬರೆ. ನೀನು ಯಾಕೆ ಮಾತಾಡಲಿಲ್ಲ ಎನ್ನುವುದನ್ನೂ ಬರೆ.

ಮರ್ಜಾನ್


ಹದಿನಾರನೇ ಕೊರೆತದ ಶಿಬಿರ, ನವೆಂಬರ್ 11

ಪ್ರೀತಿಯ ಮರ್ಜಾನ್,

ಮೊದಲು ಒಳ್ಳೆಯ ಸುದ್ದಿ. ಗುಡಾರಗಳು ನಿಮ್ಮ ಹತ್ತಿರವೇ ಇರುತ್ತವೆ. ರಾಬಿಗಾ ಹೋದ ವಾರ ಗೇಟಿನ ಹತ್ತಿರ ಗಾಡಿ ನಿಲ್ಲಿಸಿ ಹೇಳಿದರು. ಮೇಲಿನವರು, ನೋಡೋದಕ್ಕೆ ದರ ಅಂದರೆ ಏನಮ್ಮಾ ಎಂದು ಅವರನ್ನು ಕೇಳಿದರಂತೆ. ಹೋಗಿ ನೋಡಿ ಎಂದರಂತೆ ಇವರು. ನಾನು ಕಾವಲಿನವರ ಕೋಣೆಗೆ ಹೋಗಿ ಅಪ್ಪನ ಹೆಸರನ್ನು ಪಟ್ಟಿಯಿಂದ ತೆಗೆಸಿ ಬಂದೆ. ಈ ಮಾತು ಅವರಿಗೆ ಹೇಳಬೇಡ.

ಇನ್ನೊಂದು ಸುದ್ದಿ. ಒಳಗಿನಿಂದ ನನ್ನ ಹೆಸರು ಕರೆದರು. ಎರಡು ವರ್ಷ ಕಾದದ್ದಕ್ಕೆ ಕೊನೆಗೂ ಕರೆದರು. ಹೋದೆ ಮರ್ಜಾನ್. ಬೈಯಬೇಡ. ಹದಿನೈದು ದಿನ ಕೆಲಸ, ಹದಿನೈದು ದಿನ ಬಿಡುವು. ತೈಲ ಮುಗಿಯುವ ತನಕ ಇರುತ್ತದೆಯೋ, ಅದಕ್ಕೂ ಮುಂಚೆ ನನ್ನನ್ನು ಕಳಿಸುತ್ತಾರೋ ಗೊತ್ತಿಲ್ಲ. ಬಿಡುವಿನಲ್ಲಿ ಅಲ್ಲಿಗೆ ಬರುತ್ತೇನೆ. ಆ ಬಟ್ಟೆ ಹಿಡಿದು ಹಿಡಿದು ಅಮ್ಮನ ತೋಳು ನೋಯುತ್ತಿದೆ, ನಾನು ನೋಡಿದೆ.

ಯಾಕೆ ಮಾತಾಡಲಿಲ್ಲ ಎಂದು ಕೇಳಿದ್ದೀ. ನಿನ್ನ ದನಿ ಅಷ್ಟು ದೊಡ್ಡದು ಎಂದು ನನಗೆ ಗೊತ್ತಿರಲಿಲ್ಲ. ಆ ಬೆಟ್ಟಗಳೂ ಅಷ್ಟು ದೊಡ್ಡವು ಎಂದು ಗೊತ್ತಿರಲಿಲ್ಲ. ಎರಡೂ ಒಟ್ಟಿಗೆ ಬಂದಾಗ ನಾನು ಏನು ಹೇಳಬೇಕಿತ್ತು?

ನಿನ್ನೆ ಮೊದಲ ಸಲ ಕೊರೆಯುವ ಯಂತ್ರದ ಗೋಪುರ ಹತ್ತಿದೆ. ಜೊತೆಗೆ ಕೆನ್‌ಜೆಬೆಕ್, ಅವನನ್ನೂ ನನ್ನ ಜೊತೆಗೇ ಕರೆದಿದ್ದರು. ಮೇಲಿನ ಹಲಗೆಯ ಮೇಲೆ ಇಬ್ಬರೂ ಕಂಬಿ ಹಿಡಿದು ನಿಂತೆವು. ಎಲ್ಲರೂ ಕೆಳಗೆ ಕೊಳವೆ ಇಳಿಯುವುದನ್ನೇ ನೋಡುತ್ತಿದ್ದರು. ನಾನು ಸುಮ್ಮನೆ ತಲೆ ಎತ್ತಿದೆ. ಪೂರ್ವಕ್ಕೆ, ಅಕ್‌ಜಾರಿನ ಕಡೆ, ಬಯಲು ಮುಗಿಯುವಲ್ಲಿ, ಒಂದು ಬಿಳಿ ಗೆರೆ. ಬೆಳಗಿನ ಬಿಸಿಲಿಗೆ ಅದು ಹೊಳೆಯುತ್ತಿತ್ತು.

"ಏನೋ ನೋಡ್ತಿದೀಯ?" ಎಂದು ಕೆನ್‌ಜೆಬೆಕ್ ಆ ಕಡೆ ತಿರುಗಿದ. ನಾನು ಅಂಗೈಯಿಂದ ಅವನ ಕಣ್ಣು ಮುಚ್ಚಿದೆ.

"ಹುಚ್ಚು ಹಿಡೀತಾ? ಬೀಳ್ತೀನಿ ಕಣೋ."

"ಮೊದ್ಲು ಕಾಣಿಕೆ ಕೊಡು."

ಅವನು ಜೇಬು ತಡಕಿ ಅರ್ಧ ತಿಂದ ಬಿಸ್ಕತ್ತು ತೆಗೆದುಕೊಟ್ಟ. ನಾನು ಕೈ ತೆಗೆದೆ.

ನಿನ್ನ ಅಣ್ಣ,
ಯೆರ್ಸಾಯಿನ್